ಗೋಡೆ ಏಳುವ ಮೊದಲು ನೀರಿಗೊಂದು ದಾರಿ

ಪುಟ್ಟಿ,

ನೀನು ಕಳಿಸಿದ ಮನೆಯ ನಕ್ಷೆಯನ್ನು ಕೂತು ನೋಡಿದೆ. ಮೈಸೂರಿನಲ್ಲಿ 30×40 ಸೈಟಿನೊಳಗೆ ಇಷ್ಟು ಗಾಳಿ ಬೆಳಕು ಬರುವ ಹಾಗೆ ಕೋಣೆ ಹೊಂದಿಸುವುದು ಸುಲಭವಲ್ಲ, ನಿಮ್ಮ ಇಂಜಿನಿಯರು ಜಾಣರೇ. ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ, ಮಹಡಿಯಲ್ಲಿ ಎರಡು ಕೋಣೆ, ಕೋಣೆಗೊಂದು ಬಾತ್‌ರೂಮು. ಬೀರು ಎಲ್ಲಿ, ಟೀವಿ ಎಲ್ಲಿ ಅನ್ನುವುದೂ ಗುರುತಾಗಿದೆ. ನೀರು ಎಲ್ಲಿಂದ ಬಂದು, ಯಾವ ಗೋಡೆ ಹಿಡಿದು ಇಳಿದು, ಎಲ್ಲಿಗೆ ಹೋಗುತ್ತದೆ ಅನ್ನುವ ಗೆರೆ ಮಾತ್ರ ಒಂದೂ ಇಲ್ಲ. ಕೇಳಿದರೆ "ಅದನ್ನೆಲ್ಲ ಪ್ಲಂಬರ್ ನೋಡ್ಕೋತಾರೆ ಮಾವ" ಅಂದೆ.

ನೋಡಿಕೊಳ್ಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಡೆ ಪ್ಲಂಬರನ್ನು ಕರೆಸುವುದು ಯಾವಾಗ? ಗೋಡೆ ಎದ್ದು, ಮೋಲ್ಡು ಬಿದ್ದು, ಗಾರೆಯವರು ಬಂದು ನಿಂತ ಮೇಲೆ. ಅಷ್ಟು ಹೊತ್ತಿಗೆ ಪಾಪ, ಅವರಿಗೆ ಉಳಿಯುವುದು ಕಟಿಂಗ್ ಮಷೀನು ಒಂದೇ. ಗೋಡೆ ಕೊರೆಯುತ್ತಾರೆ, ಬೀಮು ಅಡ್ಡ ಬಂದರೆ ಎರಡು ಎಲ್ಬೋ ಹೆಚ್ಚಿಗೆ ಹಾಕಿ ಸುತ್ತಿಸುತ್ತಾರೆ, ಬೇರೆ ದಾರಿ ಕಾಣದಿದ್ದರೆ ಹಾಲಿನ ನೆಲದಡಿ ಪೈಪು ನುಗ್ಗಿಸುತ್ತಾರೆ. ನಾಲ್ಕು ದಿನದಲ್ಲಿ ಗಾರೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಗೋಡೆ, ತಾರಸಿ ಎರಡು ತಲೆಮಾರು ಬಾಳಬಹುದು. ವಾಲ್ವು, ವಾಷರು, ಪೈಪಿನ ಜಾಯಿಂಟು ಅಷ್ಟು ಬಾಳುವುದಿಲ್ಲ. ಮನೆ ಗಟ್ಟಿಯಾಗಿ ನಿಂತಿರುವಾಗಲೇ ಒಂದಲ್ಲ ಒಂದು ದಿನ ಪೈಪು ಬಿಚ್ಚಬೇಕಾಗುತ್ತದೆ. ಆ ದಿನ ಬರುವ ಕೆಲಸದವರ ಕೈಯಲ್ಲಿ ಸ್ಪ್ಯಾನರ್ ಇರಬೇಕೋ, ಸುತ್ತಿಗೆ ಇರಬೇಕೋ ಅನ್ನುವುದನ್ನು ತೀರ್ಮಾನಿಸಬೇಕಾದ ಹೊತ್ತು ಇದು. ನಾನು ಮುಂದೆ ಏನು ಹೇಳಿದರೂ ಅದರ ಸಾರ ಇಷ್ಟೇ: ಪೈಪು ಕೈಗೆ ಸಿಗುವ ಕಡೆ ಇರಲಿ.

ಹೊರಗೆ ಹೋಗುವ ನೀರಿನಿಂದ ಶುರು ಮಾಡು. ಎಲ್ಲರೂ ನಲ್ಲಿಯಿಂದ ಶುರು ಮಾಡುತ್ತಾರೆ. ಬರುವ ನೀರಿಗಾದರೆ ಮೋಟಾರು ಇದೆ, ಎಲ್ಲಿಗೆ ಬೇಕಾದರೂ ಏರಿಸಬಹುದು. ಬಳಸಿಬಿಟ್ಟ ನೀರು ಇಳಿಜಾರಿನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ಪಾಯ ತೆಗೆಯುವ ಮೊದಲೇ ಮನೆ ಮುಂದಿನ ಒಳಚರಂಡಿಯ, ಅಂದರೆ ಯುಜಿಡಿಯ ಮ್ಯಾನ್‌ಹೋಲನ್ನು ಪಾಲಿಕೆಯವರಿಂದ ತೆಗೆಸಿ, ಒಳಗಿನ ಪೈಪು ಎಷ್ಟು ಆಳದಲ್ಲಿದೆ ಎಂದು ಅಳತೆ ಬರೆದುಕೊಳ್ಳಿ. ಮೇಲಿನಿಂದ ಕೋಲು ಬಿಟ್ಟು ಅಳೆದರೆ ಸಾಕು, ಯಾರನ್ನೂ ಒಳಗೆ ಇಳಿಸಬೇಡಿ. ಆ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ನಿಮ್ಮ ಪ್ಲಿಂತ್ ಎಷ್ಟು ಎತ್ತರ ಇರಬೇಕು ಅನ್ನುವುದು ತಾನೇ ಸಿಗುತ್ತದೆ.

4 ಇಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು ಕೊಡುವುದು ವಾಡಿಕೆ. ಅಂದರೆ 10 ಅಡಿ ಓಟಕ್ಕೆ 3 ಇಂಚು ಇಳಿಯಬೇಕು. ಹಿಂದುಗಡೆಯ ಬಾತ್‌ರೂಮಿನಿಂದ ರಸ್ತೆಯವರೆಗೆ ಪೈಪು 45 ಅಡಿ ಓಡಿದರೆ ಹದಿಮೂರೂವರೆ ಇಂಚು ಇಳಿಜಾರಿಗೇ ಬೇಕು. ಇಳಿಜಾರು ಕಮ್ಮಿಯಾದರೆ ಕಸ ನಿಲ್ಲುತ್ತದೆ. ತೀರಾ ಕಡಿದಾದರೆ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಕಣ್ಣಳತೆಯಲ್ಲಿ ಪೈಪು ಹೂಳಲು ಬಿಡಬೇಡ, ಲೆವೆಲ್ ಟ್ಯೂಬು ಹಿಡಿಸು.

ನೆಲ ಅಂತಸ್ತಿನ ಬಾತ್‌ರೂಮಿನ ನೆಲ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಮೇಲೇ ಇರಬೇಕು. ಜೋರು ಮಳೆಗೆ ಯುಜಿಡಿ ಕಟ್ಟಿಕೊಂಡಾಗ ಹೊಲಸು ನೀರು ಉಕ್ಕುವುದು ಎಲ್ಲಕ್ಕಿಂತ ತಗ್ಗಿನ ಬಾಯಿಂದ. ಆ ತಗ್ಗು ರಸ್ತೆಯಲ್ಲಿದ್ದರೆ ಮ್ಯಾನ್‌ಹೋಲ್ ಉಕ್ಕುತ್ತದೆ, ನಿಮ್ಮ ಮನೆಯಲ್ಲಿದ್ದರೆ ಬಚ್ಚಲ ನೆಲದ ನಹಾನಿ ಟ್ರ್ಯಾಪು ಉಕ್ಕುತ್ತದೆ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದಿಷ್ಟು ಮೇಲೇರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೋ. ಪ್ಲಿಂತನ್ನು ಇಂದಿನ ರಸ್ತೆಗೆ ಸರಿಯಾಗಿ ಇಟ್ಟವರ ಮನೆಗಳು ಎಷ್ಟೋ ಬಡಾವಣೆಗಳಲ್ಲಿ ಈಗ ರಸ್ತೆಗಿಂತ ತಗ್ಗಿನಲ್ಲಿವೆ.

ಈ ದೊಡ್ಡ ಪೈಪು ಯಾವ ಕೋಣೆಯ ಅಡಿಯಲ್ಲೂ ಹೋಗಬಾರದು. ಪಕ್ಕದ ಸೆಟ್‌ಬ್ಯಾಕಿನಲ್ಲೇ, ಆಕಾಶ ಕಾಣುವ ಕಡೆಯಲ್ಲೇ ಹೋಗಲಿ. ತಿರುವು ಬಂದ ಕಡೆ, ಇನ್ನೊಂದು ಪೈಪು ಬಂದು ಕೂಡುವ ಕಡೆ ಒಂದೊಂದು ಚೇಂಬರು. 90 ಡಿಗ್ರಿ ಬೆಂಡಿನ ಬದಲು 45ರ ಎರಡು ಬೆಂಡು ಹಾಕಿದರೆ ಕಸ ಸಿಕ್ಕಿಕೊಳ್ಳುವುದು ಕಡಿಮೆ. ಅಡುಗೆಮನೆಯ ಸಿಂಕಿನ ಪೈಪನ್ನು ಒಳಗೇ ಕಕ್ಕಸಿನ ಪೈಪಿಗೆ ಸೇರಿಸಲು ಬಿಡಬೇಡ. ಎಣ್ಣೆ, ಜಿಡ್ಡು, ಅನ್ನದ ಅಗುಳು ಎಲ್ಲ ಅದರಲ್ಲಿ ಬರುತ್ತದೆ. ಅದು ಹೊರಗೆ ಬಂದು ಗಲ್ಲಿ ಟ್ರ್ಯಾಪಿಗೆ ಬೀಳಲಿ. ಮುಚ್ಚಳ ತೆಗೆದು ಕೈಯಿಂದಲೇ ಶುಚಿ ಮಾಡಬಹುದು.

ಸಂಪಿನ ವಿಷಯದಲ್ಲಿ ನಿಮ್ಮ ಅತ್ತೆಯವರು ಈಶಾನ್ಯವೇ ಆಗಬೇಕು ಅಂದರಂತೆ. ಆಗಲಿ, ಅದರಲ್ಲಿ ನನ್ನ ತಕರಾರಿಲ್ಲ. ಸಂಪು ಈಶಾನ್ಯಕ್ಕೆ ಬಂದರೆ ಕೊಳಚೆ ಪೈಪೂ ಚೇಂಬರೂ ಆ ಮೂಲೆಯಿಂದ ದೂರ ಸರಿಯಬೇಕು ಅನ್ನುವುದು ನನ್ನ ಷರತ್ತು. ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಪಕ್ಕದ ಚೇಂಬರು ಸೋರಿದರೆ ಕುಡಿಯುವ ನೀರಿಗೆ ಏನು ಸೇರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ನಲ್ಲಿ ನೀರಿನ ಪೈಪನ್ನೂ ಕೊಳಚೆ ಪೈಪನ್ನೂ ಒಂದೇ ಗುಂಡಿಯಲ್ಲಿ ಹೂಳಬೇಡಿ. ಎಲ್ಲಾದರೂ ಒಂದನ್ನೊಂದು ದಾಟಲೇಬೇಕಾದರೆ ಕುಡಿಯುವ ನೀರು ಮೇಲೆ, ಕೊಳಚೆ ಕೆಳಗೆ.

ಇನ್ನು ಮನೆಯೊಳಗೆ ಬಾ. ಅಜ್ಜಿಯ ಊರಿನ ಮನೆಯಲ್ಲಿ ಬಚ್ಚಲು ಎಲ್ಲಿತ್ತು? ಹಿತ್ತಲ ಕಡೆ, ಅಡುಗೆಮನೆಗೆ ಅಂಟಿಕೊಂಡು. ಹಂಡೆ, ನೀರಿನ ತೊಟ್ಟಿ, ಪಾತ್ರೆ ತೊಳೆಯುವ ಕಲ್ಲು ಎಲ್ಲ ಒಂದೇ ಮೂಲೆಯಲ್ಲಿ. ಬಚ್ಚಲ ನೀರು ನೇರ ಬಾಳೆಯ ಬುಡಕ್ಕೋ ಬಸಳೆ ಚಪ್ಪರಕ್ಕೋ ಹೋಗುತ್ತಿತ್ತು. ಮನೆಯ ಉಳಿದ ಮುಕ್ಕಾಲು ಪಾಲಿಗೆ ನೀರಿನ ಸೋಂಕೇ ಇರಲಿಲ್ಲ, ಹಾಗಾಗಿ ಮಣ್ಣಿನ ಗೋಡೆಯೂ ಬಾಳಿತು. ನೀವು ಹಳೇ ಕಾಲದ ಮನೆ ಕಟ್ಟಬೇಕಿಲ್ಲ. ನೀರನ್ನು ಒಂದು ಕಡೆ ಕಟ್ಟಿಹಾಕುವ ಆ ಬುದ್ಧಿಯನ್ನು ಮಾತ್ರ ತಗೊಳ್ಳಿ.

ನಿನ್ನ ನಕ್ಷೆಯಲ್ಲಿ ಕೆಳಗಿನ ಬಾತ್‌ರೂಮು ವಾಯವ್ಯಕ್ಕಿದೆ. ಮಹಡಿಯ ಒಂದು ಬಾತ್‌ರೂಮು ಅದರ ಮೇಲೆಯೇ ಬಂದಿದೆ, ಒಳ್ಳೆಯದು. ಇನ್ನೊಂದು ಊಟದ ಜಾಗದ ನೆತ್ತಿಯ ಮೇಲಿದೆ. ನನ್ನ ಮನಸ್ಸಿಗೆ ಒಪ್ಪದೇ ಇರುವುದು ಅದೊಂದೇ. ಎರಡು ಕೋಣೆಗಳ ಬಾತ್‌ರೂಮುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ತಂದರೆ ನಡುವೆ ಪೈಪು ಇಳಿಯುವ ಒಂದೇ ಡಕ್ಟು ಎರಡಕ್ಕೂ ಸಾಕು. ಬೀರುವಿನ ಜಾಗ ಎರಡಡಿ ಕಡಿಮೆಯಾಗಬಹುದು, ಆಗಲಿ ಬಿಡು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಂಥದೇ ಒಂದು ಮನೆಯನ್ನು ನೋಡಿದ್ದೇನೆ. ಊಟದ ಮೇಜಿನ ಮೇಲಿನ ಸೂರಿನಲ್ಲಿ ಮೊದಲು ತಟ್ಟೆಯಗಲದ ಹಳದಿ ಕಲೆ. ಬಣ್ಣ ಬಳಿಸಿದರು. ಮಳೆಗಾಲ ಮುಗಿದ ಮೇಲೂ ಮತ್ತೆ ಬಂತು. ಆಮೇಲೆ ಫ್ಯಾನು ತೂಗುಹಾಕಿದ ಕೊಕ್ಕೆಯ ಬುಡದಿಂದ ತೊಟ್ಟಿಕ್ಕತೊಡಗಿತು. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವಾಗ ಒಂದು ಹನಿಯೂ ಇಲ್ಲ, ಮಧ್ಯಾಹ್ನ ಮನೆ ಖಾಲಿಯಿದ್ದಾಗ ತೊಟ್ಟಿಕ್ಕುವುದು. ಕಾರಣ ಇಷ್ಟೇ: ಮೇಲಿನ ಬಾತ್‌ರೂಮಿನ ನಹಾನಿ ಟ್ರ್ಯಾಪಿನ ಜಾಯಿಂಟು ಬಿಟ್ಟಿತ್ತು. ಸೋರಿದ ನೀರು ಟೈಲ್ಸಿನ ಅಡಿಯ ಇಟ್ಟಿಗೆ ಚೂರಿನಲ್ಲಿ ತುಂಬಿಕೊಂಡು, ಗಂಟೆಗಟ್ಟಲೆ ಆದ ಮೇಲೆ ಸ್ಲ್ಯಾಬಿನಲ್ಲಿ ಸಂದು ಸಿಕ್ಕ ಕಡೆ ಇಳಿಯುತ್ತಿತ್ತು. ಆ ಸಂದು ಜಾಯಿಂಟಿನಿಂದ ಆರಡಿ ಆಚೆಯ ಫ್ಯಾನಿನ ಕೊಕ್ಕೆ. ನೆಲ ಒಡೆದರು, ಜಾಯಿಂಟು ಸರಿಯಾಯಿತು. ಆದರೆ ಅದೇ ಟೈಲ್ಸು ಅಂಗಡಿಯಲ್ಲಿ ಇರಲಿಲ್ಲ, ಕಂಪನಿ ಆ ವಿನ್ಯಾಸವನ್ನೇ ನಿಲ್ಲಿಸಿತ್ತು. ಎರಡು ಬಾಕ್ಸು ಟೈಲ್ಸು ಹೆಚ್ಚಿಗೆ ಕೊಂಡು ಅಟ್ಟದಲ್ಲಿಡು ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಆ ಇಟ್ಟಿಗೆ ಚೂರು ತುಂಬಿದ ಗುಂಡಿಗೆ ಸಂಕನ್ ಸ್ಲ್ಯಾಬು ಅನ್ನುತ್ತಾರೆ. ಬಾತ್‌ರೂಮಿನ ನೆಲದ ಸ್ಲ್ಯಾಬನ್ನು ಸುಮಾರು 9 ಇಂಚಿನಿಂದ 1 ಅಡಿಯವರೆಗೆ ತಗ್ಗಿಸಿ ಮೋಲ್ಡು ಹಾಕಿ, ಆ ತಗ್ಗಿನೊಳಗೆ ಪೈಪು ಮಲಗಿಸಿ, ಮೇಲೆ ತುಂಬಿ ಟೈಲ್ಸು ಹಾಕುವುದು. ಅಪಾರ್ಟ್‌ಮೆಂಟಿನಲ್ಲಿ ಅದಕ್ಕೊಂದು ಅರ್ಥವಿದೆ, ಕೆಳಗಿನ ಮನೆ ಬೇರೆಯವರದು, ನಿಮ್ಮ ಪೈಪು ಅವರ ತಲೆಯ ಮೇಲೆ ತೂಗುವಂತಿಲ್ಲ. ನಿಮ್ಮದು ಸ್ವಂತ ಮನೆ, ಕೆಳಗಿರುವುದೂ ನಿಮ್ಮದೇ ಬಾತ್‌ರೂಮು. ಹಾಗಾಗಿ ಪೈಪನ್ನು ಸ್ಲ್ಯಾಬಿನಿಂದ ಕೆಳಗಿಳಿಸಿ, ಕೆಳಗಿನ ಬಾತ್‌ರೂಮಿನ ಸೂರಿನಲ್ಲಿ ಕ್ಲ್ಯಾಂಪು ಹಾಕಿ ತೂಗಿಸಿ, ಬಿಚ್ಚಿ ಹಾಕಬಹುದಾದ ಫಾಲ್ಸ್ ಸೀಲಿಂಗಿನಿಂದ ಮರೆ ಮಾಡಿ. ಸೋರಿದರೆ ಆ ಕ್ಷಣವೇ ಗೊತ್ತಾಗುತ್ತದೆ, ಸ್ಟೂಲು ಹತ್ತಿ ಸರಿಮಾಡಬಹುದು. ಮೇಲಿನ ನೆಲ ಮುಟ್ಟುವುದೇ ಬೇಡ. ಬಾತ್‌ರೂಮಿನ ಮೇಲೆ ಬಾತ್‌ರೂಮು ಬಂದಾಗ ಮಾತ್ರ ಈ ಅನುಕೂಲ ಸಿಗುತ್ತದೆ. ಆ ಎರಡನೆಯದನ್ನು ಊಟದ ಜಾಗದ ಮೇಲಿಂದ ಸರಿಸು ಅಂದದ್ದರ ಹಿಂದೆ ಇದೂ ಇದೆ.

ಸಂಕನ್ನೇ ಬೇಕು ಎಂದು ಇಂಜಿನಿಯರು ಹಟ ಹಿಡಿದರೆ ಮೂರು ಕೆಲಸ ಬಿಡಬೇಡ. ತಗ್ಗಿನ ತಳಕ್ಕೂ ನಾಲ್ಕು ಗೋಡೆಗೂ ವಾಟರ್‌ಪ್ರೂಫಿಂಗ್ ಆಗಲಿ, ಅದು ಮೇಲಿನ ನೆಲಮಟ್ಟ ದಾಟಿ ಒಂದಡಿ ಏರಲಿ. ತಳದಿಂದಲೇ ಡಕ್ಟಿಗೆ ಒಂದು ಸಣ್ಣ ಪೈಪು ಬಿಡಿಸು, ಸೇರಿದ ನೀರು ಆಚೆ ಬಂದು ತಾನೇ ಸುದ್ದಿ ಹೇಳುತ್ತದೆ. ತುಂಬುವುದಕ್ಕೆ ಒಡೆದ ಗೋಡೆಯ ಕಸ ಬೇಡ, ಹಗುರವಾದದ್ದು ತುಂಬಿಸು.

ಟೈಲ್ಸು ಹಾಕುವ ಮೊದಲು ನೀರು ಕಟ್ಟುವ ಪರೀಕ್ಷೆ ಆಗಲೇಬೇಕು. ಟ್ರ್ಯಾಪಿನ ಬಾಯಿಗಳನ್ನು ಗಟ್ಟಿಯಾಗಿ ಮುಚ್ಚಿಸಿ, ಬಾಗಿಲಿಗೆ ಅಡ್ಡಲಾಗಿ ಸಣ್ಣ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ದಿನಾಂಕ, ಗಂಟೆ ಬರಿ. 48 ಗಂಟೆ ಯಾರೂ ಮುಟ್ಟಬಾರದು. ಬಿಸಿಲಿಗೆ ಆರುವ ನೀರು ಒಂದಿಷ್ಟು ಇಳಿದೀತು, ಆದ್ದರಿಂದ ಗೆರೆ ನೋಡಿದರಷ್ಟೇ ಸಾಲದು, ಕೆಳಗೆ ಹೋಗಿ ಟಾರ್ಚು ಬಿಟ್ಟು ಸೂರನ್ನು ಮೂಲೆ ಮೂಲೆಯೂ ನೋಡಬೇಕು. ಪೈಪು ಸ್ಲ್ಯಾಬು ದಾಟುವ ತೂತಿನ ಸುತ್ತ ಬೆರಳಾಡಿಸಿ ನೋಡು, ತೇವ ಮೊದಲು ಗೊತ್ತಾಗುವುದು ಅಲ್ಲೇ. "ಅದೆಲ್ಲ ಏನೂ ಆಗಲ್ಲಮ್ಮ, ಟೈಲ್ಸಿನವರು ನಾಳೆ ಬರ್ತಿದ್ದಾರೆ" ಎಂದು ಮೇಸ್ತ್ರಿ ಅವಸರ ಮಾಡುತ್ತಾರೆ. ಟೈಲ್ಸಿನವರು ಎರಡು ದಿನ ಕಾಯಲಿ.

ಡಕ್ಟಿನ ಮಾತು ಬಂತಲ್ಲ, ಅದನ್ನು ಮೂರಡಿ ಅಗಲಕ್ಕೆ ಬಿಡು. ಒಬ್ಬ ಮನುಷ್ಯ ನಿಂತು ಎರಡು ಕೈ ಆಡಿಸುವಷ್ಟು ಜಾಗ ಬೇಕು. ಒಂದೂವರೆ ಅಡಿ ಬಿಟ್ಟು ಡಕ್ಟು ಅನ್ನುತ್ತಾರೆ, ಅದರೊಳಗೆ ಬೆಕ್ಕು ಇಳಿದೀತೇ ಹೊರತು ಪ್ಲಂಬರ್ ಇಳಿಯಲಾರ. ಕೆಳಗೆ ಒಂದು ಬಾಗಿಲು, ಮೇಲೆ ಗಾಳಿಯಾಡುವ ಜಾಲರಿ, ತಳದಲ್ಲಿ ನೀರು ಹರಿದು ಹೋಗಲು ಇಳಿಜಾರು ಇರಲಿ. ಕಕ್ಕಸಿಗೆ 110 ಎಂಎಂ, ಸ್ನಾನದ ನೀರಿಗೆ 75 ಎಂಎಂ, ಎರಡು ಬೇರೆ ಬೇರೆ ಪೈಪು ಇಳಿಯಲಿ. ಕಕ್ಕಸಿನ ಪೈಪು ತಾರಸಿ ದಾಟಿ ಮೇಲೆದ್ದು ಬಾಯಿ ತೆರೆದು ನಿಲ್ಲಬೇಕು, ತುದಿಗೆ ಕೌಲು ಹಾಕಿಸು. ಅದನ್ನು ಉಳಿತಾಯ ಎಂದು ಕತ್ತರಿಸಿಬಿಡುವವರಿದ್ದಾರೆ. ಟ್ರ್ಯಾಪಿನ ಬಾಗಿನಲ್ಲಿ ಎರಡಿಂಚು ನೀರು ಸದಾ ನಿಂತಿರುವುದರಿಂದಲೇ ಚರಂಡಿಯ ವಾಸನೆ ಮನೆಯೊಳಗೆ ಬರುವುದಿಲ್ಲ. ಪೈಪಿಗೆ ಉಸಿರಾಡಲು ಬಾಯಿ ಇಲ್ಲದಿದ್ದರೆ ಮೇಲಿನಿಂದ ಫ್ಲಶ್ಶಿನ ನೀರು ಧುಮುಕುವಾಗ ಆ ಎರಡಿಂಚನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿನ್ನು ಗುಳುಗುಳು ಅನ್ನುವುದು, ಹೊಸ ಮನೆಯಲ್ಲಿ ಎಷ್ಟು ತೊಳೆದರೂ ನಾತ ಹೋಗದಿರುವುದು ಬಹಳ ಸಲ ಇದರಿಂದಲೇ.

ಈಗ ತಾರಸಿಗೆ ಹತ್ತು. ಟ್ಯಾಂಕಿನ ಎತ್ತರವನ್ನು ಯಾರೂ ಲೆಕ್ಕ ಮಾಡುವುದಿಲ್ಲ. ಆಮೇಲೆ ಮಹಡಿಯ ಶವರಿನಲ್ಲಿ ನೀರು ದಾರದ ಹಾಗೆ ಬರುತ್ತದೆ ಎಂದು ಗೋಳಾಡುತ್ತಾರೆ. ನೀರಿನ ಒತ್ತಡ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ಶವರು ತಾರಸಿಗಿಂತ ಮೂರಡಿ ಕೆಳಗಿರುತ್ತದೆ ಅಂದುಕೊ. ಟ್ಯಾಂಕನ್ನು ತಾರಸಿಯ ಮೇಲೆ ಎರಡಡಿ ಕಟ್ಟೆಯ ಮೇಲಿಟ್ಟರೆ ಸಿಗುವುದು ಐದಡಿಯ ಒತ್ತಡ, ಅಂದರೆ 0.15 ಕೆಜಿ. ಅದೇ ಟ್ಯಾಂಕನ್ನು ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ, ತಾರಸಿಯಿಂದ ಎಂಟಡಿ ಎತ್ತರಕ್ಕೆ ಏರಿಸಿದರೆ ಹನ್ನೊಂದಡಿ, 0.33 ಕೆಜಿ. ಎರಡರಷ್ಟಕ್ಕಿಂತ ಹೆಚ್ಚು. ಅಂಗಡಿಯಲ್ಲಿ ತೋರಿಸುವ, ಮಳೆ ಸುರಿದಂತೆ ಸುರಿಯುವ ಶವರಿಗೆ ಅದೂ ಸಾಲದು, ಪ್ರೆಷರ್ ಪಂಪೇ ಬೇಕು. ಆ ಆಸೆ ಇದ್ದರೆ ಪಂಪಿನ ಜಾಗ, ಕರೆಂಟಿನ ಪಾಯಿಂಟು ಈಗಲೇ ಬಿಡಿಸು.

ಸೋಲಾರ್ ಹಾಕಿಸುತ್ತೀರಂತೆ. ಪಂಪಿಲ್ಲದ ಸಾಮಾನ್ಯ ಸೋಲಾರಿಗೆ ತಣ್ಣೀರಿನ ಟ್ಯಾಂಕಿನ ತಳವು ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು, ಇಲ್ಲದಿದ್ದರೆ ನೀರು ತುಂಬುವುದಿಲ್ಲ. ಸೋಲಾರಿನ ಗಾಳಿ ಪೈಪು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಏರಿರಬೇಕು. ಬಿಸಿನೀರಿನ ಪೈಪು ಸೋಲಾರಿನಿಂದ ಬಾತ್‌ರೂಮಿನವರೆಗೆ ಇಳಿಯುತ್ತಲೇ ಬರಬೇಕು. ನಡುವೆ ಪ್ಯಾರಪೆಟ್ಟು ಹತ್ತಿ ಇಳಿದರೆ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪು ಕೊಟ್ಟು ಬಿಸಿನೀರನ್ನು ಹಾಗೇ ಬಿಟ್ಟರೆ ಮಿಕ್ಸರಿನ ಒಳಗಿಂದ ತಣ್ಣೀರು ಹಿಮ್ಮುಖವಾಗಿ ಸೋಲಾರಿಗೆ ನುಗ್ಗುತ್ತದೆ. ಎರಡಕ್ಕೂ ಒತ್ತಡ ಸಮ ಇರಬೇಕು, ಜೊತೆಗೆ ನೀರನ್ನು ಹಿಂದಕ್ಕೆ ಬಿಡದ ವಾಲ್ವು, ಅಂದರೆ ಎನ್‌ಆರ್‌ವಿ ಇರಬೇಕು.

ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ಸೋಲಾರಿನಿಂದ ನಲ್ಲಿಗೆ 16 ಮೀಟರ್ ಇದ್ದರೆ ಪ್ರತಿ ಬೆಳಿಗ್ಗೆ ಬಿಸಿನೀರು ಬರುವ ಮೊದಲು 4 ಲೀಟರ್ ತಣ್ಣೀರು ಚರಂಡಿಗೆ. ಆದ್ದರಿಂದ ಸೋಲಾರನ್ನು ಬಿಸಿಲು ನೋಡಿ ಇಡುವಾಗ ಡಕ್ಟಿನ ಹತ್ತಿರವೂ ಇರುವ ಹಾಗೆ ನೋಡು. ಬಿಸಿನೀರಿನ ಪೈಪಿಗೆ ಇನ್ಸುಲೇಶನ್ ಸುತ್ತಿಸು.

ಟ್ಯಾಂಕಿನಿಂದ ಹೊರಡುವ ಪೈಪು ದಪ್ಪಗಿರಲಿ, ಒಂದೂವರೆ ಇಂಚು. ಕವಲೊಡೆಯುತ್ತ ಒಂದು ಇಂಚು, ಮುಕ್ಕಾಲು, ನಲ್ಲಿಯ ಹತ್ತಿರ ಅರ್ಧ. ಅಡುಗೆಮನೆಗೊಂದು, ಪ್ರತಿ ಬಾತ್‌ರೂಮಿಗೊಂದು, ಯೂಟಿಲಿಟಿಗೊಂದು ಬೇರೆ ಬೇರೆ ಪೈಪು ತಾರಸಿಯಿಂದಲೇ ಇಳಿಯಲಿ, ಒಂದೊಂದಕ್ಕೂ ಅಲ್ಲೇ ಒಂದು ಬಾಲ್ ವಾಲ್ವು ಇರಲಿ. ಒಂದು ಬಾತ್‌ರೂಮಿನ ಕೆಲಸಕ್ಕೆ ಇಡೀ ಮನೆಯ ನೀರು ನಿಲ್ಲಿಸುವ ಫಜೀತಿ ತಪ್ಪುತ್ತದೆ. ಬಿಸಿಲಿಗೆ ಬಿದ್ದ ಪೈಪುಗಳಿಗೆ ನೀರಿನಲ್ಲಿ ಕಲಸುವ ಪೇಂಟು ಬಳಿಸು, ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ.

ಗೋಡೆಯೊಳಗೆ ಹೋಗಲೇಬೇಕಾದದ್ದು ಡಕ್ಟಿನಿಂದ ನಲ್ಲಿಯವರೆಗಿನ ತುಂಡು ಮಾತ್ರ. ಅದನ್ನೂ ಮೇಲಿಂದ ಕೆಳಕ್ಕೆ ನೇರವಾಗಿ ಇಳಿಸು, ಓರೆಯಾಗಿ ಅಥವಾ ಅಡ್ಡಡ್ಡ ಓಡಿಸಬೇಡ. ಉದ್ದಕ್ಕೆ ಕೊರೆದರೆ ಗೋಡೆ ದಪ್ಪದ ಮೂರನೇ ಒಂದು ಭಾಗ, ಅಡ್ಡಕ್ಕೆ ಕೊರೆದರೆ ಆರನೇ ಒಂದು ಭಾಗ ಮೀರಬಾರದು ಎಂದು ಇಟ್ಟಿಗೆ ಗೋಡೆಗಳ ಭಾರತೀಯ ಮಾನಕ ಐಎಸ್ 1905 ಹೇಳುತ್ತದೆ. ನಾಲ್ಕೂವರೆ ಇಂಚಿನ ಗೋಡೆಗೆ ಆ ಆರನೇ ಒಂದು ಭಾಗ ಅಂದರೆ ಮುಕ್ಕಾಲು ಇಂಚು. ಮುಕ್ಕಾಲು ಇಂಚಿನ ಪೈಪಿನ ಹೊರಮೈಯೇ ಅದಕ್ಕಿಂತ ದಪ್ಪ. ಅಂದರೆ ಸಣ್ಣ ಗೋಡೆಯಲ್ಲಿ ಅಡ್ಡ ಪೈಪು ಕೂರುವುದೇ ಇಲ್ಲ ಎಂದಾಯಿತು. ಕಾಲಮ್ಮಿಗೂ ಬೀಮಿಗೂ ಮಷೀನು ತಾಗಿಸಲು ಯಾರಿಗೂ ಬಿಡಬೇಡ. ಬೀಮು ದಾಟಲೇಬೇಕಾದರೆ ಎಲ್ಲಿ ಎಂದು ಇಂಜಿನಿಯರೇ ಗುರುತು ಹಾಕಲಿ, ಕಾಂಕ್ರೀಟು ಸುರಿಯುವ ಮೊದಲು ಅಲ್ಲಿ ಸ್ಲೀವು ಇಡಲಿ. ವೈರಿಂಗ್ ಪೈಪು ಒಂದು ಗೋಡೆ, ನೀರಿನ ಪೈಪು ಇನ್ನೊಂದು ಗೋಡೆ. ಮೀಟರು, ಫ್ಯೂಸು ಇರುವ ಗೋಡೆಯ ಹತ್ತಿರ ನೀರು ಸುಳಿಯಬಾರದು.

ಯಾವ ಪೈಪು ಅನ್ನುವುದರ ಬಗ್ಗೆ ಹೆಚ್ಚು ಹೇಳಲಾರೆ. ಬಿಸಿನೀರಿಗೆ ಸಿಪಿವಿಸಿಯೇ ಆಗಬೇಕು, ಯುಪಿವಿಸಿ ತಣ್ಣೀರಿಗಷ್ಟೇ. ಪೈಪಿನ ಮೈಮೇಲೆ ಐಎಸ್‌ಐ ಗುರುತಿನ ಜೊತೆ ಸಂಖ್ಯೆ ಓದು: ಸಿಪಿವಿಸಿಗೆ 15778, ಯುಪಿವಿಸಿಗೆ 4985, ಕಕ್ಕಸಿನ ಮತ್ತು ಬಚ್ಚಲಿನ ಪೈಪಿಗೆ 13592, ಅದರಲ್ಲೂ ಟೈಪ್ ಬಿ. ಟೈಪ್ ಎ ಮಳೆನೀರಿಗೆ, ಗಾಳಿ ಪೈಪಿಗೆ. ಸಿಪಿವಿಸಿಗೆ ಅದರದೇ ಸಲ್ಯೂಶನ್ನು. ಇದ್ದ ಡಬ್ಬಿಯಲ್ಲೇ ಎರಡೂ ಅಂಟಿಸುವವರನ್ನು ತಡೆ.

ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ಲೂ ಇದೆ ಅಂದೆ. ಹಾಗಾದರೆ ಎರಡು ಟ್ಯಾಂಕು, ಎರಡು ಪೈಪು. ಅಡುಗೆಮನೆಗೆ, ಸ್ನಾನಕ್ಕೆ, ಸೋಲಾರಿಗೆ ಕಾವೇರಿ. ಬೋರಿನ ಗಡಸು ನೀರು ಸೋಲಾರಿನೊಳಗೆ ಉಪ್ಪು ಕಟ್ಟಿಸುತ್ತದೆ, ಅದು ಫ್ಲಶ್ಶಿಗೆ, ಗಿಡಕ್ಕೆ, ಕಾರು ತೊಳೆಯುವುದಕ್ಕೆ ಹೋಗಲಿ. ಎರಡನ್ನೂ ಎಲ್ಲೂ ಜೋಡಿಸಬೇಡಿ, ನಡುವೆ ವಾಲ್ವು ಇದ್ದರೂ ಬೇಡ. ಮಳೆ ನೀರಿನ ಲೆಕ್ಕವನ್ನೂ ಕೇಳು. 1 ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನಿಮ್ಮ ಸಾವಿರ ಚದರಡಿ ತಾರಸಿ ಸುಮಾರು 93 ಚದರ ಮೀಟರ್, ನಮ್ಮೂರಿನ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್. 70 ಸಾವಿರ ಲೀಟರಿಗೂ ಮೇಲೆ ಬೀಳುತ್ತದೆ. ಬೆಂಗಳೂರಿನಲ್ಲಿ 30×40 ಸೈಟಿನ ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ ಎಂದು 2009ರಲ್ಲೇ ಕಾನೂನು ತಂದರು. ಕಾನೂನಿನ ಮಾತು ಬಿಡು, ತಾರಸಿಯ ಇಳಿಜಾರು ಸಂಪಿರುವ ಈಶಾನ್ಯದ ಕಡೆಗೇ ಇರುವಂತೆ ಈಗ ಹೇಳಿದರೆ ಖರ್ಚಿಲ್ಲದೆ ಆಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಆಚೆ ಬಿಡಲು ಒಂದು ವಾಲ್ವು, ಆಮೇಲೆ ಫಿಲ್ಟರು, ಆಮೇಲೆ ಸಂಪು. ಮಳೆಯ ಪೈಪನ್ನು ಮಾತ್ರ ಯುಜಿಡಿಗೆ ಕೊಡಬೇಡಿ. ಬೀದಿಯವರೆಲ್ಲ ಹಾಗೆ ಕೊಟ್ಟಾಗಲೇ ಮ್ಯಾನ್‌ಹೋಲು ಉಕ್ಕುವುದು.

ಗಾರೆಗೆ ಮೊದಲು ಪೈಪಿಗೆ ಒತ್ತಡದ ಪರೀಕ್ಷೆ ಆಗಬೇಕು. ನಲ್ಲಿಯ ಬಾಯಿಗಳಿಗೆಲ್ಲ ಡಮ್ಮಿ ಹಾಕಿ, ಕೈಪಂಪಿನಿಂದ ನೀರು ತುಂಬಿ ಮೀಟರಿನ ಮುಳ್ಳನ್ನು 10 ಕೆಜಿಗೆ ಏರಿಸುತ್ತಾರೆ. ಮುಳ್ಳು ಅಲ್ಲೇ ನಿಂತರೆ ಪೈಪು ಭದ್ರ. ಹೆಚ್ಚಿನವರು ಅಷ್ಟಕ್ಕೇ ಪಂಪು ಬಿಚ್ಚಿಕೊಂಡು ಹೋಗುತ್ತಾರೆ. ನೀನು ಒತ್ತಡವನ್ನು ಸ್ವಲ್ಪ ಇಳಿಸಿ, ಗಾರೆಯೂ ಟೈಲ್ಸೂ ಮುಗಿಯುವವರೆಗೆ ಮೀಟರನ್ನು ಹಾಗೇ ಇರಿಸು. ಗಾರೆಯವರ ಮೊಳೆಯೋ ಟೈಲ್ಸಿನವರ ಡ್ರಿಲ್ಲೋ ಪೈಪಿಗೆ ತಾಗಿದರೆ ಮುಳ್ಳು ಆ ಕ್ಷಣ ಬೀಳುತ್ತದೆ. ಯಾರ ಕೈಯಿಂದ, ಯಾವ ಗೋಡೆಯಲ್ಲಿ ಎಂದು ಜಗಳವಿಲ್ಲದೆ ತಿಳಿಯುತ್ತದೆ.

ಗಾರೆಯ ಹಿಂದಿನ ದಿನ ಅಳಿಯಂದಿರು ಒಂದು ಗಂಟೆ ಬಿಡುವು ಮಾಡಿಕೊಂಡು ಬರಲಿ. ಪ್ರತಿ ಗೋಡೆಯ ಮುಂದೆಯೂ ಟೇಪು ಹಿಡಿದು, ಮೂಲೆಯಿಂದ ಪೈಪಿಗೆ ಎಷ್ಟು, ನೆಲದಿಂದ ಎಷ್ಟು ಎಂದು ಅಂಕಿ ಕಾಣುವ ಹಾಗೆ ಫೋಟೋ ತೆಗೆಯಲಿ. ಫೋನಿನಲ್ಲಿ ಮಾತ್ರ ಇದ್ದರೆ ಫೋನು ಬದಲಾದಾಗ ಹೋಗುತ್ತದೆ. ಪ್ರಿಂಟು ಹಾಕಿಸಿ ಮನೆಯ ಕಾಗದಪತ್ರದ ಜೊತೆ ಇಡಿ. ಮುಂದೊಂದು ದಿನ ಕನ್ನಡಿ ತೂಗುಹಾಕಲು ಮೊಳೆ ಹೊಡೆಯುವವರಿಗೆ ಕ್ರಯಪತ್ರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ಲಂಬರನ್ನು ನಾನು ದೂರಿದೆ ಅಂದುಕೊಳ್ಳಬೇಡ. ಕೆಲಸ ಬಲ್ಲವರನ್ನು ಹುಡುಕಿ, ಕೂಲಿಯಲ್ಲಿ ಜಿಪುಣತನ ಮಾಡದೆ, ಸೆಂಟ್ರಿಂಗ್ ಹಲಗೆ ಬಡಿಯುವ ಮೊದಲೇ ಕರೆಸು. ಇಂಜಿನಿಯರು, ಮೇಸ್ತ್ರಿ, ಕಂಬಿ ಕಟ್ಟುವವರು, ಕರೆಂಟಿನವರು, ಪ್ಲಂಬರು ಐವರೂ ಒಂದು ಬೆಳಿಗ್ಗೆ ಸೈಟಿನಲ್ಲಿ ಒಟ್ಟಿಗೆ ನಿಲ್ಲಲಿ. ಕಾಫಿ ತರಿಸು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಸು. ಅಲ್ಲಿ ಬಾಯಲ್ಲಿ ಬಗೆಹರಿಯದ ಮಾತು ಆಮೇಲೆ ಮಷೀನಿನಲ್ಲಿ ಬಗೆಹರಿಯುತ್ತದೆ, ಅದರ ಖರ್ಚು ನಿಮ್ಮದು.

ಗೃಹಪ್ರವೇಶ ಆದ ಮೇಲೆ ತಾರಸಿಯ ವಾಲ್ವುಗಳಿಗೆ ಯಾವುದು ಎಲ್ಲಿಯದು ಎಂದು ಪೇಂಟಿನಲ್ಲಿ ದಪ್ಪಗೆ ಕನ್ನಡದಲ್ಲಿ ಬರೆಸು. ಆಮೇಲೆ ಅತ್ತೆ, ಮಾವ, ಮಕ್ಕಳು, ಕೆಲಸಕ್ಕೆ ಬರುವಾಕೆ ಎಲ್ಲರನ್ನೂ ಒಮ್ಮೆ ಮೇಲೆ ಕರೆದುಕೊಂಡು ಹೋಗಿ, ಒಬ್ಬೊಬ್ಬರ ಕೈಯಿಂದಲೂ ಒಂದೊಂದು ವಾಲ್ವನ್ನು ತಿರುಗಿಸು. ಮಾವನವರಿಗೆ ಮಂಡಿನೋವಲ್ಲವೇ, ಅವರಿಗಾಗಿ ಕೆಳಗಿನ ಕೋಣೆಗಳಿಗೆ ಇಳಿಯುವ ಪೈಪುಗಳಿಗೆ ಡಕ್ಟಿನ ಬಾಗಿಲ ಹತ್ತಿರವೂ ವಾಲ್ವು ಇರಲಿ. ನೀವಿಬ್ಬರೂ ಆಫೀಸಿನಲ್ಲಿದ್ದಾಗ ಪೈಪು ಒಡೆದರೆ ನೀರು ನಿಲ್ಲಿಸಬೇಕಾದವರು ಅವರೇ.